ಎಂಜಿನ್ ಚಾಲೂ ಮಾಡಿ ಗಾಡಿ ಹೊರಡಿಸುವಾಗ ವೇಗ ಎಷ್ಟಿರಬೇಕು?



ಹೇರು ತುಂಬಿದ ಎತ್ತಿನ ಗಾಡಿಯನ್ನು ಹೊರಡಿಸುವ ಬಗೆಯನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಿಂತ ಎತ್ತುಗಳನ್ನು ಒಮ್ಮೆಲೇ ಬಾರುಕೋಲಿನಿಂದ ಹೊಡೆದು ಎಬ್ಬಿಸಿದರೆ ಮಿಣಿ ಹರಿಯುತ್ತದೆ, ಇಲ್ಲವೆ ನೊಗ ಮುರಿಯುತ್ತದೆ. ಅನುಭವಸ್ಥನಾದ ರೈತನು ಮೊದಲು ಎತ್ತುಗಳು ನೊಗಕ್ಕೆ ಹೆಗಲು ಕೊಟ್ಟು ನಿಲ್ಲುವವರೆಗೆ ಕಾಯುತ್ತಾನೆ. ಚಕ್ರ ಒಂದು ಗೇಣು ಉರುಳಿದ ಮೇಲೆ ಅವುಗಳನ್ನು ನಡೆಗೆ ಬಿಡುತ್ತಾನೆ. ಟ್ರ್ಯಾಕ್ಟರಿಗೂ ಕಾರಿಗೂ ಬೇಕಾದುದು ಇದೇ ತಾಳ್ಮೆ.

ಇಂದು ದಾವಣಗೆರೆ, ಹರಿಹರ ತಾಲ್ಲೂಕುಗಳ ಹಳ್ಳಿಗಳಲ್ಲಿ ಕಮತದ ಬಹುಪಾಲು ಕೆಲಸ ಎಂಜಿನ್ನಿನ ಮೇಲೆಯೇ ನಡೆಯುತ್ತಿದೆ. ಭದ್ರಾ ನಾಲೆಯ ನೀರು ಹರಿಯುವ ಗದ್ದೆಗಳಲ್ಲಿ ಕೆಸರು ಮಾಡುವುದು, ಮೆಕ್ಕೆಜೋಳವನ್ನು ದಾವಣಗೆರೆಯ ಮಾರುಕಟ್ಟೆಗೆ ಒಯ್ಯುವುದು, ಕಬ್ಬನ್ನು ಕಾರ್ಖಾನೆಗೆ ಸಾಗಿಸುವುದು ಎಲ್ಲವೂ ಟ್ರ್ಯಾಕ್ಟರಿನ ಕೆಲಸವಾಗಿದೆ. ಅನೇಕ ಮನೆಗಳ ಮುಂದೆ ಕಾರು, ಜೀಪು ಅಥವಾ ಪಿಕಪ್ ವಾಹನವೂ ನಿಂತಿರುತ್ತದೆ. ಆದರೆ ಚಾಲೂ ಮಾಡಿದ ಕೂಡಲೇ ಎಂಜಿನ್ನು ಗರ್ಜಿಸುವಂತೆ ರೇಸ್ ಮಾಡುವುದು, ಕ್ಲಚ್ಚನ್ನು ಫಕ್ಕನೆ ಬಿಟ್ಟು ಗಾಡಿಯನ್ನು ಎಗರಿಸುವುದು ಹಲವರಿಗೆ ಅಭ್ಯಾಸವಾಗಿಹೋಗಿದೆ. ಇದರಿಂದ ಡೀಸೆಲ್ ದಂಡವಾಗುತ್ತದೆ, ಕ್ಲಚ್ ಪ್ಲೇಟು ಸುಡುತ್ತದೆ. ಒಮ್ಮೊಮ್ಮೆ ಟ್ರ್ಯಾಕ್ಟರು ಹಿಂದಕ್ಕೆ ಮಗುಚಿ ನಡೆಸುವವನ ಪ್ರಾಣವೇ ಹೋಗುತ್ತದೆ. ಆದುದರಿಂದ ಎಂಜಿನ್ ಚಾಲೂ ಮಾಡುವಾಗ ಮತ್ತು ಗಾಡಿ ಹೊರಡಿಸುವಾಗ ಎಷ್ಟು ವೇಗ ಇಡಬೇಕು, ಏಕೆ ಇಡಬೇಕು ಎಂಬುದನ್ನು ಇಲ್ಲಿ ವಿವರಿಸಿದೆ.

ಎತ್ತಿಗೂ ಎಂಜಿನ್ನಿಗೂ ಇರುವ ವ್ಯತ್ಯಾಸ

ಎತ್ತು ನಿಂತಲ್ಲಿಂದಲೇ ಎಳೆಯಬಲ್ಲದು. ಕಾಲು ಊರಿ ಹೆಗಲು ಕೊಟ್ಟರೆ ಅದರ ಪೂರ್ಣ ಶಕ್ತಿ ನೊಗಕ್ಕೆ ಬರುತ್ತದೆ. ಎಂಜಿನ್ನಿಗೆ ಈ ಗುಣವಿಲ್ಲ. ನಿಂತ ಎಂಜಿನ್ನಿಗೆ ಶಕ್ತಿಯೇ ಇಲ್ಲ, ಅದು ತಿರುಗುತ್ತಿದ್ದರೆ ಮಾತ್ರ ಎಳೆಯುತ್ತದೆ. ತೀರ ಮೆಲ್ಲಗೆ ತಿರುಗುವಾಗ ಭಾರ ಹೇರಿದರೆ ಕೆಮ್ಮಿ ನಿಂತುಹೋಗುತ್ತದೆ.

ಎಂಜಿನ್ನು ತಿರುಗುತ್ತಿರಬೇಕು, ಚಕ್ರ ಮಾತ್ರ ನಿಂತಿದೆ. ಇವೆರಡನ್ನೂ ಒಂದುಗೂಡಿಸುವ ಉಪಕರಣವೇ ಕ್ಲಚ್ಚು. ಎಂಜಿನ್ನಿನ ಹಿಂದೆ ಫ್ಲೈವೀಲ್ ಎಂಬ ಭಾರವಾದ ಚಕ್ರವಿದೆ. ಅದಕ್ಕೆ ಒತ್ತಿಕೊಂಡು ಕ್ಲಚ್ ಪ್ಲೇಟು ಇರುತ್ತದೆ. ಪೆಡಲ್ ತುಳಿದಾಗ ಪ್ಲೇಟು ಫ್ಲೈವೀಲಿನಿಂದ ಬಿಡಿಸಿಕೊಳ್ಳುತ್ತದೆ. ಪೆಡಲ್ ಬಿಟ್ಟಾಗ ಪ್ಲೇಟು ಮೊದಲು ಉಜ್ಜುತ್ತ, ಬಳಿಕ ಗಟ್ಟಿಯಾಗಿ ಹಿಡಿದುಕೊಂಡು ಎಂಜಿನ್ನಿನ ಜೊತೆಗೇ ತಿರುಗುತ್ತದೆ. ಉಜ್ಜುವ ಈ ಎರಡು ಮೂರು ಸೆಕೆಂಡುಗಳಲ್ಲಿಯೇ ಕ್ಲಚ್ಚಿನ ಆಯುಷ್ಯ ಅಡಗಿದೆ. ಅಂಗೈಗಳನ್ನು ಒತ್ತಿ ಉಜ್ಜಿದರೆ ಬಿಸಿಯಾಗುವಂತೆ ಪ್ಲೇಟೂ ಬಿಸಿಯಾಗುತ್ತದೆ. ಹೆಚ್ಚು ವೇಗದಲ್ಲಿ, ಹೆಚ್ಚು ಹೊತ್ತು ಉಜ್ಜಿದರೆ ಅದರ ಮೇಲ್ಪದರ ಸುಟ್ಟು ಗಾಜಿನಂತೆ ನುಣುಪಾಗುತ್ತದೆ. ಹಾಗಾದ ಮೇಲೆ ಅದು ಹಿಡಿಯುವುದಿಲ್ಲ, ಜಾರುತ್ತದೆ.

ವೇಗವನ್ನು ಅಳೆಯುವುದು ಹೇಗೆ?

ಎಂಜಿನ್ನಿನ ವೇಗವನ್ನು ನಿಮಿಷಕ್ಕೆ ಇಷ್ಟು ಸುತ್ತು ಎಂದು ಲೆಕ್ಕ ಹಾಕುತ್ತಾರೆ. ಮೀಟರಿನ ಮೇಲೆ ಇದನ್ನು ಆರ್.ಪಿ.ಎಂ. ಎಂದು ಗುರುತಿಸಿರುತ್ತಾರೆ. ಎಷ್ಟೋ ಮೀಟರುಗಳಲ್ಲಿ 10, 15, 20 ಎಂದಷ್ಟೇ ಬರೆದಿದ್ದು, ಅದನ್ನು ನೂರರಿಂದ ಗುಣಿಸಿಕೊಳ್ಳಬೇಕು. ಮುಳ್ಳು 15ರ ಮೇಲಿದ್ದರೆ ನಿಮಿಷಕ್ಕೆ 1,500 ಸುತ್ತು ಎಂದರ್ಥ.

ಟ್ರ್ಯಾಕ್ಟರು ಭಾರವಿಲ್ಲದೆ ಸುಮ್ಮನೆ ಓಡುತ್ತಿರುವಾಗ ವೇಗ ಸಾಮಾನ್ಯವಾಗಿ 650ರಿಂದ 850 ಸುತ್ತು ಇರುತ್ತದೆ. ಪೂರ್ಣ ವೇಗವು ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ 2,000 ಸುತ್ತಿನ ಆಸುಪಾಸಿನಲ್ಲಿರುತ್ತದೆ. ಆದರೆ ಎಳೆಯುವ ಬಲ ಅತಿ ಹೆಚ್ಚಾಗಿರುವುದು ಪೂರ್ಣ ವೇಗದಲ್ಲಿ ಅಲ್ಲ ಎಂಬುದನ್ನು ಇಲ್ಲಿ ಮುಖ್ಯವಾಗಿ ತಿಳಿದುಕೊಳ್ಳಬೇಕು. ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನು ಸಾಮಾನ್ಯವಾಗಿ 1,200ರಿಂದ 1,500 ಸುತ್ತಿನ ಸುಮಾರಿಗೆ ಅತಿ ಬಲವಾಗಿ ತಿರುಚಬಲ್ಲದು. ಅದಕ್ಕಿಂತ ಮೇಲೆ ಸುತ್ತು ಹೆಚ್ಚಾಗುತ್ತದೆ, ಸದ್ದು ಹೆಚ್ಚಾಗುತ್ತದೆ, ತಿರುಚುವ ಬಲ ಹೆಚ್ಚಾಗುವುದಿಲ್ಲ. ಗರ್ಜನೆಯೇ ಬಲವೆಂದು ಭಾವಿಸುವುದು ತಪ್ಪು.

ಮೀಟರು ಕೆಟ್ಟಿದ್ದರೆ ಕಿವಿಯೇ ಮೀಟರು. ಸುಮ್ಮನೆ ಓಡುವಾಗಿನ ಸದ್ದಿನಲ್ಲಿ ಒಂದೊಂದು ಬಡಿತವನ್ನೂ ಹೆಚ್ಚು ಕಡಿಮೆ ಎಣಿಸುವಂತಿರುತ್ತದೆ. ಸ್ವಲ್ಪ ಎಕ್ಸಲೇಟರ್ ಕೊಟ್ಟಾಗ ಬಡಿತಗಳು ಒಂದಕ್ಕೊಂದು ಸೇರಿ ಒಂದೇ ಸಮನೆಯ ಗುಯ್ ಎಂಬ ದನಿಯಾಗುತ್ತದೆ. ಹೊರಡಲು ಬೇಕಾದುದು ಈ ದನಿ. ಪಕ್ಕದಲ್ಲಿ ಕುಳಿತವರ ಮಾತು ಕೇಳಿಸದಷ್ಟು ಸದ್ದಾದರೆ ಅದು ಅತಿಯಾಯಿತು.

ಬೆಳಗಿನ ಮೊದಲ ಚಾಲನೆ

ರಾತ್ರಿಯೆಲ್ಲ ನಿಂತ ಎಂಜಿನ್ನಿನಲ್ಲಿ ಆಯಿಲ್ಲು ಕೆಳಗೆ ಇಳಿದು ತಳದ ತೊಟ್ಟಿಯಲ್ಲಿ ಸೇರಿರುತ್ತದೆ. ಅದು ತಣ್ಣಗಾಗಿ ದಪ್ಪವೂ ಆಗಿರುತ್ತದೆ. ಚಾಲೂ ಮಾಡಿದ ಮೇಲೆ ಪಂಪು ಅದನ್ನು ಮೇಲಕ್ಕೆ ತಳ್ಳಿ ಬೇರಿಂಗು, ಪಿಸ್ಟನ್ನು ಮುಂತಾದ ಕಡೆಗೆ ಮುಟ್ಟಿಸಲು ಕೆಲವು ಸೆಕೆಂಡುಗಳು ಬೇಕು. ಈ ಮೊದಲ ಸೆಕೆಂಡುಗಳಲ್ಲಿ ರೇಸ್ ಮಾಡಿದರೆ ಲೋಹದ ಮೇಲೆ ಲೋಹ ಉಜ್ಜಿ ಸವೆಯುತ್ತದೆ. ಟರ್ಬೊ ಇರುವ ಎಂಜಿನ್ನಿಗೆ ಇದು ಇನ್ನೂ ಕೇಡು. ಟರ್ಬೊದ ಸಣ್ಣ ಚಕ್ರವು ಎಂಜಿನ್ನಿಗಿಂತ ಎಷ್ಟೋ ಪಟ್ಟು ವೇಗವಾಗಿ ತಿರುಗುತ್ತದೆ. ಆಯಿಲ್ಲು ಮುಟ್ಟುವ ಮೊದಲೇ ಅದನ್ನು ಓಡಿಸಿದರೆ ಅದರ ಬೇರಿಂಗು ಹಾಳಾಗುತ್ತದೆ.

ಚಾಲೂ ಮಾಡುವ ಕ್ರಮ ಹೀಗಿರಲಿ:

1. ಆಯಿಲ್ಲು, ನೀರು, ಡೀಸೆಲ್ ನೋಡಿಕೊಳ್ಳಿ. ಟ್ರ್ಯಾಕ್ಟರಿನ ಕೆಳಗೆ, ಹಿಂದೆ ಮಕ್ಕಳಾಗಲಿ ದನಕರುಗಳಾಗಲಿ ಇಲ್ಲವೆಂಬುದನ್ನು ಖಚಿತ ಮಾಡಿಕೊಳ್ಳಿ.

2. ಸೀಟಿನ ಮೇಲೆ ಕುಳಿತು, ಗೇರು ನ್ಯೂಟ್ರಲ್ಲಿನಲ್ಲಿ ಇರುವುದನ್ನು ಕೈಯಿಂದ ಆಡಿಸಿ ನೋಡಿ. ಪಾರ್ಕಿಂಗ್ ಬ್ರೇಕು ಹಾಕಿರಲಿ. ಪಿ.ಟಿ.ಒ. ಬಿಡಿಸಿರಲಿ.

3. ಕ್ಲಚ್ಚನ್ನು ಪೂರ್ತಿ ತುಳಿಯಿರಿ. ಕೈ ಎಕ್ಸಲೇಟರನ್ನು ಕೆಳಗಿನ ತುದಿಯಿಂದ ಸ್ವಲ್ಪವೇ ಮೇಲಕ್ಕೆ ಇಡಿ. ಪೂರ್ತಿ ಎಳೆದಿಡಬೇಡಿ.

4. ಹೀಟರ್ ದೀಪ ಇರುವ ಡೀಸೆಲ್ ಗಾಡಿಯಾದರೆ ಆ ದೀಪ ಆರುವವರೆಗೆ ಕಾಯಿರಿ. ಅನಂತರ ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಹೊಡೆಯಬಾರದು. ಚಾಲೂ ಆಗದಿದ್ದರೆ ಅರ್ಧ ನಿಮಿಷವಾದರೂ ಬಿಟ್ಟು ಮತ್ತೆ ಪ್ರಯತ್ನಿಸಿ. ಎಡೆಬಿಡದೆ ಹೊಡೆದರೆ ಬ್ಯಾಟರಿ ಇಳಿಯುತ್ತದೆ, ಸೆಲ್ಫ್ ಮೋಟಾರು ಸುಡುತ್ತದೆ.

5. ಚಾಲೂ ಆದೊಡನೆ ಎಕ್ಸಲೇಟರ್ ಇಳಿಸಿ. ಆಯಿಲ್ ದೀಪ ಆರುವುದನ್ನು ನೋಡಿ. ಒಂದೆರಡು ನಿಮಿಷ ತಗ್ಗಿನ ವೇಗದಲ್ಲಿ ಓಡಲಿ. ಅಷ್ಟರಲ್ಲಿ ಟೈರು, ಹಿಚ್ ಪಿನ್ನು, ಟ್ರೇಲರಿನ ಕೊಂಡಿ ನೋಡಿಕೊಳ್ಳಬಹುದು. ಬಿಸಿಯಾಗಲೆಂದು ಅರ್ಧ ಗಂಟೆ ಓಡಿಸುವುದು ವ್ಯರ್ಥ. ಎಂಜಿನ್ನು ಚೆನ್ನಾಗಿ ಬಿಸಿಯಾಗುವುದು ಹಗುರವಾಗಿ ಕೆಲಸ ಮಾಡುವಾಗಲೇ. ಮೊದಲ ಐದು ಹತ್ತು ನಿಮಿಷ ಭಾರ ಕಡಿಮೆ ಇರಲಿ.

ಮುಚ್ಚಿದ ಕೊಟ್ಟಿಗೆಯಲ್ಲಿ, ಬಾಗಿಲು ಹಾಕಿದ ಷೆಡ್ಡಿನಲ್ಲಿ ಎಂಜಿನ್ನನ್ನು ಓಡಿಸಬಾರದು. ಹೊಗೆಯಲ್ಲಿರುವ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಾಡಿದವರು ಎಚ್ಚರ ತಪ್ಪಿ ಅಲ್ಲಿಯೇ ಸಾಯಬಹುದು.

ಇನ್ನೊಂದು ಅಪಾಯವನ್ನು ಎಲ್ಲರೂ ನೆನಪಿಡಬೇಕು. ಕೀ ಕೆಟ್ಟಿದೆ ಎಂದು ನೆಲದ ಮೇಲೆ ನಿಂತು, ಸ್ಕ್ರೂಡ್ರೈವರಿನಿಂದ ಸೆಲ್ಫ್ ಮೋಟಾರಿನ ತಂತಿಗಳನ್ನು ಜೋಡಿಸಿ ಚಾಲೂ ಮಾಡುವವರಿದ್ದಾರೆ. ಗೇರಿನಲ್ಲಿದ್ದ ಟ್ರ್ಯಾಕ್ಟರು ಹೀಗೆ ಚಾಲೂ ಆದರೆ ದೊಡ್ಡ ಚಕ್ರವು ಮುಂದೆ ನಿಂತವನ ಮೇಲೆಯೇ ಹಾಯುತ್ತದೆ, ಹಾರಿಕೊಳ್ಳಲು ಸಮಯ ಸಿಗುವುದಿಲ್ಲ. ಹೊಸ ಟ್ರ್ಯಾಕ್ಟರುಗಳಲ್ಲಿ ಕ್ಲಚ್ ತುಳಿಯದಿದ್ದರೆ ಚಾಲೂ ಆಗದಂತೆ ಸ್ವಿಚ್ಚು ಇಟ್ಟಿರುವುದು ಈ ಕಾರಣಕ್ಕಾಗಿಯೇ. ಆ ಸ್ವಿಚ್ಚನ್ನು ಬಿಚ್ಚಿ ಹಾಕಿಸಬೇಡಿ. ಕೀ ರಿಪೇರಿಯ ಖರ್ಚು ಪ್ರಾಣಕ್ಕಿಂತ ದೊಡ್ಡದಲ್ಲ.

ಹೊರಡುವಾಗ: ಮೊದಲು ಗೇರು, ಆಮೇಲೆ ವೇಗ

ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇಥ್ ಯಂತ್ರಗಳಿಗೆ ಹೆಸರಾಗಿತ್ತು. ಆ ಕಾರ್ಖಾನೆ ಮುಚ್ಚಿ ವರ್ಷಗಳಾದುವು. ಆದರೆ ಲೇಥಿನ ಮೇಲೆ ಕೆಲಸ ಮಾಡಿದ ಯಾರನ್ನಾದರೂ ಕೇಳಿ ನೋಡಿ. ದೊಡ್ಡ ದಪ್ಪದ ಕಬ್ಬಿಣವನ್ನು ಕಟ್ಟಿದರೆ ಸುತ್ತು ಕಡಿಮೆ, ಸಣ್ಣದಕ್ಕೆ ಸುತ್ತು ಹೆಚ್ಚು ಎಂದು ಅವರು ಹೇಳುತ್ತಾರೆ. ಯಂತ್ರವನ್ನು ಓಡಿಸುವ ಮೊದಲೇ ಅವರು ಗೇರನ್ನು ಆರಿಸಿಕೊಳ್ಳುತ್ತಾರೆ. ಟ್ರ್ಯಾಕ್ಟರಿನಲ್ಲಿಯೂ ಕ್ರಮ ಅದೇ. ಮೊದಲು ಭಾರ ನೋಡಬೇಕು, ಭಾರಕ್ಕೆ ತಕ್ಕ ಗೇರು ಹಾಕಬೇಕು, ಆಮೇಲೆ ವೇಗವನ್ನು ಕೊಡಬೇಕು. ಹಳೆಯ ಟ್ರ್ಯಾಕ್ಟರುಗಳಲ್ಲಿ ಓಡುತ್ತಿರುವಾಗ ಗೇರು ಬದಲಿಸಲು ಆಗುವುದಿಲ್ಲ. ಅದಕ್ಕಾಗಿ ಒಮ್ಮೆಗೇ ಮೇಲಿನ ಗೇರು ಹಾಕಿ ಹೊರಡಿಸುವ ಚಪಲ ಬರುತ್ತದೆ. ಅದರ ಬೆಲೆಯನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು.

ಟ್ರ್ಯಾಕ್ಟರಿನ ತೂಕ 2 ಟನ್ನು, ಟ್ರೇಲರು ಮತ್ತು ಅದರ ಮೇಲಿನ ಹೇರು 6 ಟನ್ನು, ಒಟ್ಟು 8 ಟನ್ನು ಎಂದಿಟ್ಟುಕೊಳ್ಳಿ. ತಗ್ಗಿನ ಗೇರಿನಲ್ಲಿ ಕ್ಲಚ್ಚು ಪೂರ್ತಿ ಹಿಡಿದಾಗ ಈ ಭಾರವು ಗಂಟೆಗೆ 2 ಕಿಲೋಮೀಟರ್ ವೇಗದಲ್ಲಿ ಚಲಿಸುತ್ತದೆ. ಮೇಲಿನ ಗೇರಿನಲ್ಲಿ, ಎಂಜಿನ್ನಿನ ಸುತ್ತು ಅಷ್ಟೇ ಇದ್ದರೂ, 10 ಕಿಲೋಮೀಟರ್ ವೇಗಕ್ಕೆ ಬರಬೇಕು. ವೇಗ 5 ಪಟ್ಟು ಹೆಚ್ಚಾಯಿತು. ಕ್ಲಚ್ಚಿನಲ್ಲಿ ಹುಟ್ಟುವ ಶಾಖ ಮಾತ್ರ 5 ಪಟ್ಟು ಅಲ್ಲ. ಐದೈದಲೆ ಇಪ್ಪತ್ತೈದು, ಅಂದರೆ 25 ಪಟ್ಟು ಹೆಚ್ಚುತ್ತದೆ. ಎಂಜಿನ್ನಿನ ವೇಗಕ್ಕೂ ಇದೇ ಲೆಕ್ಕ. ಅದೇ ಗೇರಿನಲ್ಲಿ 1,000 ಸುತ್ತಿಗೆ ಬದಲು 2,000 ಸುತ್ತು ಇಟ್ಟು ಕ್ಲಚ್ಚು ಬಿಟ್ಟರೆ ಶಾಖ 4 ಪಟ್ಟು. ಏರು, ಕೆಸರು ಇದ್ದರೆ ಇದರ ಮೇಲೆ ಇನ್ನಷ್ಟು ಸೇರುತ್ತದೆ.

ಸುಟ್ಟ ಪ್ಲೇಟನ್ನು ಬದಲಾಯಿಸಬೇಕಾದರೆ ಟ್ರ್ಯಾಕ್ಟರನ್ನು ನಡುವೆ ಬಿಚ್ಚಿ ಎರಡು ಭಾಗ ಮಾಡಬೇಕಾಗುತ್ತದೆ. ಪ್ಲೇಟಿನ ಬೆಲೆಯ ಮೇಲೆ ಮೆಕ್ಯಾನಿಕ್ಕಿನ ಕೂಲಿ, ಅದರ ಮೇಲೆ ಕೆಲಸದ ದಿನಗಳ ನಷ್ಟ. ನಾಲೆಗೆ ನೀರು ಬಂದು ನಾಟಿ ನಡೆಯುತ್ತಿರುವಾಗ ಎರಡು ದಿನ ಟ್ರ್ಯಾಕ್ಟರು ನಿಂತರೆ ಆಗುವ ನಷ್ಟ ನಿಮಗೇ ಗೊತ್ತು.

ಎಂಜಿನ್ನಿನ ವೇಗಕ್ಕೆ ಈ ಅಂದಾಜನ್ನು ಇಟ್ಟುಕೊಳ್ಳಬಹುದು. ನಿಮ್ಮ ಟ್ರ್ಯಾಕ್ಟರಿನ ಜೊತೆ ಬಂದ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಅನುಸರಿಸಿ.

ಬರಿಯ ಟ್ರ್ಯಾಕ್ಟರು, ಸಮತಟ್ಟು ನೆಲ: 1,000 ಸುತ್ತಿನ ಸುಮಾರು.
ತುಂಬಿದ ಟ್ರೇಲರು, ಸಮತಟ್ಟು ರಸ್ತೆ: ತಗ್ಗಿನ ಗೇರು, 1,200ರಿಂದ 1,400 ಸುತ್ತು.
ತುಂಬಿದ ಟ್ರೇಲರು, ಏರು: ಎಲ್ಲಕ್ಕೂ ತಗ್ಗಿನ ಗೇರು, 1,400ರಿಂದ 1,600 ಸುತ್ತು.

ವೇಗ ಇಟ್ಟ ಮೇಲೆ ಕ್ಲಚ್ಚನ್ನು ಮೆಲ್ಲಗೆ ಬಿಡುತ್ತ ಬನ್ನಿ. ಒಂದು ಹಂತದಲ್ಲಿ ಎಂಜಿನ್ನಿನ ದನಿ ಸ್ವಲ್ಪ ತಗ್ಗುತ್ತದೆ, ಟ್ರ್ಯಾಕ್ಟರಿನ ಮೈ ತುಸು ಬಿಗಿಯುತ್ತದೆ. ಎತ್ತು ನೊಗಕ್ಕೆ ಹೆಗಲು ಕೊಡುವುದೂ ಹೀಗೆಯೇ. ಅಲ್ಲಿ ಕಾಲನ್ನು ಒಂದು ಕ್ಷಣ ತಡೆಯಿರಿ. ಚಕ್ರ ಉರುಳತೊಡಗಿದ ಮೇಲೆ ಉಳಿದುದನ್ನು ಬಿಟ್ಟು, ಕಾಲನ್ನು ಪೆಡಲಿನಿಂದ ಪೂರ್ತಿ ತೆಗೆಯಿರಿ. ದನಿ ತೀರ ಕುಗ್ಗಿ ಕಪ್ಪು ಹೊಗೆ ಬಂದರೆ ವೇಗ ಸಾಲದು, ಇಲ್ಲವೆ ಗೇರು ಹೆಚ್ಚಾಯಿತು ಎಂದರ್ಥ. ಕ್ಲಚ್ ತುಳಿದು, ನಿಲ್ಲಿಸಿ, ತಗ್ಗಿನ ಗೇರು ಹಾಕಿ ಮತ್ತೆ ಹೊರಡಿ. ಸುಟ್ಟ ವಾಸನೆ ಬಂದರೆ ಕ್ಲಚ್ಚು ಹೆಚ್ಚು ಉಜ್ಜಿದೆ ಎಂದು ತಿಳಿದು, ಅದು ಆರುವವರೆಗೆ ನಿಲ್ಲಿಸಿ.

ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವುದನ್ನು ಹಾಫ್ ಕ್ಲಚ್ ಎನ್ನುತ್ತಾರೆ. ಪ್ಲೇಟಿಗೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ.

ನಾಲೆಯ ಏರಿ ಹತ್ತುವಾಗ

ಭದ್ರಾ ಅಚ್ಚುಕಟ್ಟಿನ ಗದ್ದೆಗಳಿಂದ ಭತ್ತ ತುಂಬಿಕೊಂಡು ನಾಲೆಯ ಏರಿಯ ರಸ್ತೆಗೆ ಹತ್ತುವ ದಾರಿಗಳು ಎಷ್ಟೋ ಕಡೆ ಕಡಿದಾಗಿವೆ. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಗದ್ದೆಯ ಆಳ. ಇಲ್ಲಿ ಎಂಜಿನ್ನು ನಿಂತರೆ ತುಂಬಿದ ಟ್ರೇಲರು ಟ್ರ್ಯಾಕ್ಟರನ್ನು ಹಿಂದಕ್ಕೆ ಎಳೆಯುತ್ತದೆ. ಹಲವು ಟ್ರೇಲರುಗಳಿಗೆ ಸ್ವಂತ ಬ್ರೇಕು ಇಲ್ಲದಿರುವುದರಿಂದ ಪೂರ್ಣ ಭಾರವೂ ಟ್ರ್ಯಾಕ್ಟರಿನ ಬ್ರೇಕಿನ ಮೇಲೆಯೇ ಬೀಳುತ್ತದೆ.

ಆದುದರಿಂದ ಏರಿಗೆ ಹತ್ತುವ ಮೊದಲೇ, ಸಮತಟ್ಟಿನಲ್ಲಿ ನಿಂತು ತಗ್ಗಿನ ಗೇರು ಹಾಕಿಕೊಳ್ಳಿ. ಎಡ ಬಲ ಬ್ರೇಕ್ ಪೆಡಲುಗಳನ್ನು ಕೊಕ್ಕೆಯಿಂದ ಜೋಡಿಸಿಕೊಳ್ಳಿ. ಜೋಡಿಸದೆ ಒಂದನ್ನೇ ತುಳಿದರೆ ಟ್ರ್ಯಾಕ್ಟರು ಆ ಪಕ್ಕಕ್ಕೆ ತಿರುಗಿ ನಾಲೆಗೆ ಇಳಿಯಬಹುದು. ಏರಿನ ನಡುವೆ ಎಲ್ಲಿಯೂ ಗೇರು ಬದಲಿಸಬೇಡಿ.

ಏರಿನ ನಡುವೆ ನಿಲ್ಲಲೇಬೇಕಾಗಿ ಬಂದರೆ ಹೀಗೆ ಹೊರಡಿ. ಎರಡೂ ಬ್ರೇಕು ತುಳಿದು ಹಿಡಿದುಕೊಳ್ಳಿ. ಕೈ ಎಕ್ಸಲೇಟರಿನಿಂದ ಸುಮಾರು 1,500 ಸುತ್ತು ಇಡಿ. ಕ್ಲಚ್ಚನ್ನು ಮೆಲ್ಲಗೆ ಬಿಡುತ್ತ, ದನಿ ತಗ್ಗಿ ಟ್ರ್ಯಾಕ್ಟರು ಮುಂದಕ್ಕೆ ತವಕಿಸುವುದನ್ನು ತಿಳಿದ ಮೇಲೆ ಮಾತ್ರ ಬ್ರೇಕು ಸಡಿಲಿಸಿ. ಬ್ರೇಕು ಮೊದಲು ಬಿಟ್ಟು ಕ್ಲಚ್ಚು ಆಮೇಲೆ ಹಿಡಿಸಿದರೆ, ಹಿಂದಕ್ಕೆ ಉರುಳುತ್ತಿರುವ ಎಂಟು ಟನ್ನನ್ನು ಪ್ಲೇಟು ಮೊದಲು ತಡೆದು, ಅನಂತರ ಎಳೆಯಬೇಕಾಗುತ್ತದೆ. ಮೇಲೆ ಬಂದ ಮೇಲೆ ಕೈ ಎಕ್ಸಲೇಟರನ್ನು ಪೂರ್ತಿ ಇಳಿಸಿ, ರಸ್ತೆಯಲ್ಲಿ ಕಾಲಿನ ಎಕ್ಸಲೇಟರಿನಿಂದಲೇ ನಡೆಸಿ.

ಇಳಿಯುವಾಗಲೂ ಹತ್ತಿದ ಗೇರಿನಲ್ಲಿಯೇ ಇಳಿಯಿರಿ. ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್ ಮಾಡಿ ಇಳಿಯುವುದು, ನಡುವೆ ಕ್ಲಚ್ ತುಳಿಯುವುದು ಪ್ರಾಣಕ್ಕೆ ಅಪಾಯ. ಹಿಂದಿನ ಹೇರು ತಳ್ಳತೊಡಗಿದರೆ ಟ್ರ್ಯಾಕ್ಟರು ಕೈಗೆ ಸಿಗುವುದಿಲ್ಲ.

ಕೆಸರಿನಲ್ಲಿ ಸಿಕ್ಕಿಕೊಂಡಾಗ

ಪ್ರಾಣಹಾನಿಗೆ ಹೆಚ್ಚು ಅವಕಾಶವಿರುವುದು ಇಲ್ಲಿ. ಹಿಂದಿನ ಚಕ್ರಗಳು ಕೆಸರಿನಲ್ಲಿ ಹೂತು ಕದಲದೆ ನಿಂತಿವೆ ಎನ್ನಿ. ಆಗ ಪೂರ್ಣ ರೇಸ್ ಮಾಡಿ ಕ್ಲಚ್ಚನ್ನು ಫಕ್ಕನೆ ಬಿಟ್ಟರೆ ಎಂಜಿನ್ನಿನ ಬಲ ಎಲ್ಲಿಗಾದರೂ ಹೋಗಲೇಬೇಕು. ಚಕ್ರ ತಿರುಗದಿದ್ದರೆ ಟ್ರ್ಯಾಕ್ಟರಿನ ಮೈಯೇ ಹಿಂದಿನ ಅಚ್ಚಿನ ಸುತ್ತ ತಿರುಗುತ್ತದೆ. ಮುಂದಿನ ಚಕ್ರಗಳು ಮೇಲಕ್ಕೆದ್ದು, ಎರಡು ಸೆಕೆಂಡು ಕಳೆಯುವುದರೊಳಗೆ ಟ್ರ್ಯಾಕ್ಟರು ನಡೆಸುವವನ ಮೇಲೆ ಮಗುಚಿ ಬೀಳಬಹುದು. ಕ್ಲಚ್ಚು ತುಳಿಯಬೇಕೆಂದು ಮನಸ್ಸಿಗೆ ಹೊಳೆಯುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಚಕ್ರದ ಮುಂದೆ ಮರದ ದಿಮ್ಮಿ ಕಟ್ಟಿ ಮುಂದಕ್ಕೆ ಎಳೆಸುವುದು, ಹಗ್ಗ ಅಥವಾ ಚೈನನ್ನು ಮೇಲಿನ ಕೊಂಡಿಗೆ ಕಟ್ಟಿ ಎಳೆಸುವುದು ಈ ಅಪಾಯವನ್ನು ಇನ್ನಷ್ಟು ಹೆಚ್ಚಿಸುತ್ತವೆ.

ಸಿಕ್ಕಿಕೊಂಡಾಗ ಮಾಡಬೇಕಾದುದು ಇಷ್ಟು. ಮೊದಲು ಟ್ರೇಲರನ್ನು ಬಿಡಿಸಿ, ಇಲ್ಲವೆ ಹೇರು ಇಳಿಸಿ. ಚಕ್ರದ ಹಿಂದಿನ ಕೆಸರನ್ನು ಸಲಿಕೆಯಿಂದ ತೆಗೆದು, ತಗ್ಗಿನ ವೇಗದಲ್ಲಿ ರಿವರ್ಸ್ ಗೇರಿನಲ್ಲಿ ಹಿಂದಕ್ಕೆ ಬನ್ನಿ. ಒಂದೇ ಚಕ್ರ ಸುಮ್ಮನೆ ಸುತ್ತುತ್ತಿದ್ದರೆ, ಅದನ್ನು ನಿಲ್ಲಿಸಿ ಡಿಫರೆನ್ಷಿಯಲ್ ಲಾಕ್ ತುಳಿದು, ನೇರವಾಗಿ ಮಾತ್ರ ನಡೆಸಿ. ಆದರೂ ಬಾರದಿದ್ದರೆ ಇನ್ನೊಂದು ಟ್ರ್ಯಾಕ್ಟರು ತರಿಸಿ, ಎಳೆಯುವ ಟ್ರ್ಯಾಕ್ಟರಿನ ಕೆಳಗಿನ ಡ್ರಾಬಾರಿಗೇ ಚೈನು ಕಟ್ಟಿ ಎಳೆಸಿ. ಸುತ್ತಲೂ ಜನ ನಿಲ್ಲದಿರಲಿ. ಮಡ್‌ಗಾರ್ಡಿನ ಮೇಲೆ ಯಾರೂ ಕುಳಿತಿರಬಾರದು.

ಮಾರುಕಟ್ಟೆಯ ಸಾಲು, ರೈಲ್ವೆ ಗೇಟು

ಮೆಕ್ಕೆಜೋಳದ ಕಾಲದಲ್ಲಿ ದಾವಣಗೆರೆಯ ಎ.ಪಿ.ಎಂ.ಸಿ. ಪ್ರಾಂಗಣಕ್ಕೆ ಹೋಗುವ ಗಾಡಿಗಳ ಸಾಲು ಮೆಲ್ಲಗೆ ಸರಿಯುತ್ತದೆ. ಮುಂದಿನ ಗಾಡಿ ಒಂದು ಮಾರು ಸರಿದಾಗಲೆಲ್ಲ ನೀವೂ ಒಂದು ಮಾರು ಸರಿದರೆ, ಒಂದು ಗಂಟೆಯಲ್ಲಿ ಐವತ್ತು ಸಲ ಕ್ಲಚ್ಚು ಉಜ್ಜಿದಂತಾಗುತ್ತದೆ. ನಾಲ್ಕೈದು ಮಾರು ಜಾಗ ಬಿಡುವಾಗುವ ತನಕ ನ್ಯೂಟ್ರಲ್ಲಿನಲ್ಲಿ ನಿಂತಿರಿ. ಬಳಿಕ ಎಲ್ಲಕ್ಕೂ ತಗ್ಗಿನ ಗೇರಿನಲ್ಲಿ ಹೊರಟು, ಕ್ಲಚ್ಚು ಪೂರ್ತಿ ಬಿಟ್ಟು, ಹೆಚ್ಚು ಎಕ್ಸಲೇಟರ್ ಕೊಡದೆ ತೆವಳಿಸುತ್ತ ಸೇರಿಕೊಳ್ಳಿ. ಸಾಲು ಬಹಳ ಹೊತ್ತು ನಿಂತರೆ ಎಂಜಿನ್ನನ್ನು ನಿಲ್ಲಿಸುವುದೇ ಲಾಭ.

ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲು ಮಾರ್ಗವು ದಾವಣಗೆರೆ, ಹರಿಹರ ಎರಡನ್ನೂ ಹಾದು ಹೋಗುತ್ತದೆ. ರೈಲ್ವೆ ಗೇಟು ದಾಟುವಾಗ ಹಳಿಗಳ ಆಚೆ ನಿಮ್ಮ ಟ್ರ್ಯಾಕ್ಟರು ಮತ್ತು ಟ್ರೇಲರು ಎರಡೂ ಹಿಡಿಸುವಷ್ಟು ಜಾಗ ಇರುವುದನ್ನು ನೋಡಿಕೊಂಡೇ ಹೊರಡಿ. ಗೇಟಿನ ಈಚೆಯೇ ತಗ್ಗಿನ ಗೇರು ಹಾಕಿ, ಅದೇ ಗೇರಿನಲ್ಲಿ ಪೂರ್ತಿ ದಾಟಿ. ಹಳಿಗಳ ಮೇಲೆ ಗೇರು ಬದಲಿಸಲು ಹೋಗಿ ಎಂಜಿನ್ನು ನಿಂತರೆ ಎಂತಹ ಅನಾಹುತವಾಗಬಹುದೆಂದು ವಿವರಿಸಬೇಕಾಗಿಲ್ಲ.

ರಾಷ್ಟ್ರೀಯ ಹೆದ್ದಾರಿ 48ಕ್ಕೆ ಸೇರುವಾಗ ಕೂಡ ಇದೇ ಎಚ್ಚರ ಇರಲಿ. ಅಲ್ಲಿ ಬರುವ ವಾಹನಗಳ ವೇಗ ಹೆಚ್ಚು. ನಿಮ್ಮ ತುಂಬಿದ ಟ್ರೇಲರು ಹೊರಟು ವೇಗಕ್ಕೆ ಬರಲು ಬಹಳ ಹೊತ್ತು ಬೇಕು. ಸೇವಾ ರಸ್ತೆ ಇರುವ ಕಡೆ ಅದರಲ್ಲಿಯೇ ಹೋಗುವುದು ಲೇಸು. ಟ್ರೇಲರಿನ ಹಿಂದೆ ಕೆಂಪು ದೀಪ, ಹೊಳೆಯುವ ಪಟ್ಟಿ ಇಲ್ಲದೆ ರಾತ್ರಿ ರಸ್ತೆಗೆ ಇಳಿಯಬಾರದು.

ಮನೆಯ ಕಾರು

ಕಾರಿಗೂ ನಿಯಮ ಒಂದೇ. ಅಂಕಿಗಳು ಮಾತ್ರ ಸ್ವಲ್ಪ ಬೇರೆ. ಹಿಂದಿನ ಕಾಲದ ಜೀಪು, ಕಾರುಗಳಿಗೆ ಚೋಕು ಎಳೆದು, ಒಮ್ಮೊಮ್ಮೆ ಹ್ಯಾಂಡಲ್ ತಿರುಗಿಸಿ ಚಾಲೂ ಮಾಡಬೇಕಾಗಿತ್ತು. ಎಕ್ಸಲೇಟರ್ ಒತ್ತುತ್ತ ಚಾಲೂ ಮಾಡುವ ಅಭ್ಯಾಸ ಅಂದಿನಿಂದ ಬಂದುದು. ಇಂದಿನ ಕಾರುಗಳಲ್ಲಿ ಎಷ್ಟು ಇಂಧನ ಬೇಕೆಂಬುದನ್ನು ಯಂತ್ರವೇ ಲೆಕ್ಕ ಹಾಕಿಕೊಳ್ಳುತ್ತದೆ. ಆದುದರಿಂದ ಎಕ್ಸಲೇಟರ್ ಮುಟ್ಟದೆಯೇ ಚಾಲೂ ಮಾಡಬೇಕು. ಚಳಿಯಲ್ಲಿ ಚಾಲೂ ಆದೊಡನೆ ವೇಗ 1,000 ಸುತ್ತಿನ ಮೇಲೆ ಹೋಗಿ, ತಾನಾಗಿಯೇ 700ರಿಂದ 900ಕ್ಕೆ ಇಳಿಯುವುದನ್ನು ಕಾಣುವಿರಿ. ಅದು ದೋಷವಲ್ಲ. ಅರ್ಧ ನಿಮಿಷ ಬಿಟ್ಟು ಹೊರಟು, ಮೊದಲ ಒಂದೆರಡು ಮೈಲು ಮೆಲ್ಲಗೆ ನಡೆಸಿ.

ಪೆಟ್ರೋಲ್ ಕಾರನ್ನು ಸಮತಟ್ಟಿನಲ್ಲಿ ಮೊದಲ ಗೇರಿನಲ್ಲಿ ಹೊರಡಿಸಲು 1,200ರಿಂದ 1,500 ಸುತ್ತು ಸಾಕು. ಏರಿನಲ್ಲಿ ಅಥವಾ ಐದು ಜನ ಕುಳಿತಿರುವಾಗ 1,500ರಿಂದ 2,000 ಬೇಕಾಗಬಹುದು. ಡೀಸೆಲ್ ಕಾರಿಗೆ ಸ್ವಲ್ಪ ಕಡಿಮೆ ಸಾಕು. ಸಮತಟ್ಟಿನಲ್ಲಿ ಎಕ್ಸಲೇಟರ್ ಕೊಡದೆ, ಕ್ಲಚ್ಚನ್ನು ಮೆಲ್ಲಗೆ ಬಿಟ್ಟರೇ ಅನೇಕ ಕಾರುಗಳು ಹೊರಡುತ್ತವೆ. ಏರಿನಲ್ಲಿ ಕ್ಲಚ್ಚು ಮತ್ತು ಎಕ್ಸಲೇಟರಿನ ನಡುವೆ ಕಾರನ್ನು ತೂಗಾಡಿಸಿ ನಿಲ್ಲಿಸಬಾರದು. ಹ್ಯಾಂಡ್ ಬ್ರೇಕು ಇರುವುದೇ ಅದಕ್ಕಾಗಿ.

ಕೆಲವರು ಕೇಳುವ ಪ್ರಶ್ನೆಗಳು

ಪ್ರಶ್ನೆ: ಕಡಿಮೆ ವೇಗದಲ್ಲಿ ಹೊರಡಿಸಿದರೆ ಎಂಜಿನ್ನಿಗೆ ದಣಿವಾಗುವುದಿಲ್ಲವೆ?

ಉತ್ತರ: ತಗ್ಗಿನ ಗೇರಿನಲ್ಲಿ ಕಡಿಮೆ ವೇಗ ಇಟ್ಟರೆ ದಣಿವಿಲ್ಲ. ಮೇಲಿನ ಗೇರಿನಲ್ಲಿ ಕಡಿಮೆ ವೇಗ ಇಟ್ಟು ಎಳೆಸಿದರೆ ಮಾತ್ರ ಎಂಜಿನ್ನು ನಡುಗುತ್ತದೆ, ಕಪ್ಪು ಹೊಗೆ ಉಗುಳುತ್ತದೆ. ಆ ನಡುಕ ಒಳ್ಳೆಯದಲ್ಲ. ಅದಕ್ಕೆ ಪರಿಹಾರ ಗೇರು ಇಳಿಸುವುದು.

ಪ್ರಶ್ನೆ: ರೋಟವೇಟರ್, ಒಕ್ಕಣೆ ಯಂತ್ರಗಳನ್ನು ಹಿಡಿಸುವಾಗ ವೇಗ ಎಷ್ಟಿರಬೇಕು?

ಉತ್ತರ: ಎಂಜಿನ್ನನ್ನು ತಗ್ಗಿನ ವೇಗಕ್ಕೆ ಇಳಿಸಿ ಪಿ.ಟಿ.ಒ. ಹಿಡಿಸಿ. ಯಂತ್ರ ತಿರುಗತೊಡಗಿದ ಮೇಲೆ ಮೆಲ್ಲಗೆ ಏರಿಸುತ್ತ, ಮೀಟರಿನಲ್ಲಿ ಪಿ.ಟಿ.ಒ. 540 ಎಂಬ ಗುರುತಿಗೆ ತನ್ನಿ. ವೇಗದಲ್ಲಿ ಹಿಡಿಸಿದರೆ ಶಾಫ್ಟು ಮುರಿಯುತ್ತದೆ. ತಿರುಗುವ ಶಾಫ್ಟಿನ ಬಳಿ ಪಂಚೆ, ಸೀರೆ, ಟವೆಲು ಸುಳಿಯಬಾರದು.

ಪ್ರಶ್ನೆ: ನಿಲ್ಲಿಸುವಾಗ ಒಮ್ಮೆ ರೇಸ್ ಮಾಡಿ ಆಫ್ ಮಾಡುವುದು ಒಳ್ಳೆಯದೆಂದು ಹೇಳುತ್ತಾರಲ್ಲ?

ಉತ್ತರ: ಅದು ತಪ್ಪು ತಿಳಿವಳಿಕೆ. ಭಾರದ ಕೆಲಸ ಮಾಡಿ ಬಂದ ಮೇಲೆ ಒಂದೆರಡು ನಿಮಿಷ ತಗ್ಗಿನ ವೇಗದಲ್ಲಿ ಓಡಿಸಿ, ಬಿಸಿ ಇಳಿದ ಮೇಲೆ ನಿಲ್ಲಿಸಬೇಕು. ಟರ್ಬೊ ಇದ್ದರೆ ಇದು ಅತ್ಯವಶ್ಯ. ರೇಸ್ ಮಾಡಿ ನಿಲ್ಲಿಸಿದರೆ ಟರ್ಬೊ ಇನ್ನೂ ತಿರುಗುತ್ತಿರುವಾಗಲೇ ಆಯಿಲ್ಲು ನಿಂತುಹೋಗುತ್ತದೆ.

ನೆನಪಿಡಬೇಕಾದ ಅಂಶಗಳು

ಸೀಟಿನ ಮೇಲೆ ಕುಳಿತು, ನ್ಯೂಟ್ರಲ್ಲಿನಲ್ಲಿಯೇ ಚಾಲೂ ಮಾಡಿ. ನೆಲದ ಮೇಲೆ ನಿಂತು ಎಂದಿಗೂ ಬೇಡ.
ಚಾಲೂ ಆದ ಮೇಲೆ ಒಂದೆರಡು ನಿಮಿಷ ತಗ್ಗಿನ ವೇಗ. ರೇಸ್ ಬೇಡ.
ಭಾರ ಹೆಚ್ಚಾದರೆ ಗೇರು ಇಳಿಸಿ, ಗರ್ಜನೆ ಏರಿಸಬೇಡಿ.
ದನಿ ತಗ್ಗುವ ಹಂತದಲ್ಲಿ ಕ್ಲಚ್ಚನ್ನು ತಡೆದು, ಚಕ್ರ ಉರುಳಿದ ಮೇಲೆ ಪೂರ್ತಿ ಬಿಡಿ.
ಏರಿನಲ್ಲಿ ಕ್ಲಚ್ಚು ಹಿಡಿದ ಮೇಲೆ ಮಾತ್ರ ಬ್ರೇಕು ಬಿಡಿ.
ಕೆಸರಿನಲ್ಲಿ ಸಿಕ್ಕಿದರೆ ಹೇರು ಇಳಿಸಿ, ಹಿಂದಕ್ಕೆ ಬನ್ನಿ.

ಟ್ರ್ಯಾಕ್ಟರನ್ನು ಎಷ್ಟೋ ಮನೆಗಳಲ್ಲಿ ನಡೆಸುವವರು ಹರೆಯದ ಹುಡುಗರು, ಇಲ್ಲವೆ ಬಾಡಿಗೆ ಡ್ರೈವರುಗಳು. ಯಂತ್ರದ ಕಂತು ಕಟ್ಟುವವರು ನೀವು. ಲೈಸೆನ್ಸ್ ಇಲ್ಲದವರ ಕೈಗೆ ಯಂತ್ರವನ್ನು ಕೊಡಬೇಡಿ. ಲೈಸೆನ್ಸ್ ಇದ್ದವರಿಗೂ ಖಾಲಿ ಹೊಲದಲ್ಲಿ, ಖಾಲಿ ಟ್ರೇಲರಿನೊಂದಿಗೆ ಹತ್ತು ಸಲ ಹೊರಡಿಸುವ ಅಭ್ಯಾಸ ಮಾಡಿಸಿ. ಟ್ರೇಲರಿನಲ್ಲಿ ನೀರು ತುಂಬಿದ ಒಂದು ಕೊಡವನ್ನು ಇರಿಸಿ, ನೀರು ತುಳುಕದಂತೆ ಹೊರಡಿಸಲು ಹೇಳಿ. ಅದು ಬಂದವನಿಗೆ ಹದ ಬಂದಿತೆಂದೇ ಅರ್ಥ. ಯಂತ್ರಗಳ ವಿಷಯದಲ್ಲಿ ಸಂದೇಹವಿದ್ದರೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಈ ಲೇಖನವನ್ನು ಓದು ಬಾರದವರಿಗೂ ಓದಿ ಹೇಳಿ. ನಿಮ್ಮ ಮನೆಯ ಟ್ರ್ಯಾಕ್ಟರಿನ ಗಾಲಿಯ ಮೇಲೆ ಕೂರುವ ಹುಡುಗನಿಗೆ ಮೊದಲು ಹೇಳಿ.